ಅಣ್ಣನ ಬೆಳಕಿಂಡಿ

ಅರ್ಜಿಯ ಮೂರು ಹಾಳೆಗಳಲ್ಲಿ ಹದಿಮೂರು ಕಾಗುಣಿತದ ತಪ್ಪುಗಳಿದ್ದವು. ತಿಪ್ಪೇಶಪ್ಪ ಎರಡು ಸಲ ಎಣಿಸಿದ್ದ. ಮೊದಲ ಸಾಲಿನಲ್ಲೇ ಸೌರ ಹೋಗಿ ಶೌರವಾಗಿತ್ತು, ದೀಪಕ್ಕೆ ದೀರ್ಘವಿರಲಿಲ್ಲ, ಫಲಾನುಭವಿಯ ಭಕಾರಕ್ಕೆ ಯಾರೂ ಹೊಟ್ಟೆ ಸೀಳಿರಲಿಲ್ಲ. ಇಪ್ಪತ್ತೆರಡು ವರ್ಷ ಮೇಷ್ಟರಿಕೆ ಮಾಡಿದ ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ನಿನ ಕಡೆ ಹೋಗುತ್ತಿತ್ತು, ಸರ್ಕಾರದ ಕಾಗದ ತಿದ್ದಿದರೆ ಕೆಟ್ಟೀತೆಂದು ಹಿಂದಕ್ಕೆ ಬರುತ್ತಿತ್ತು. ಇಂಥ ಅರ್ಜಿಯನ್ನು ಯಾವನೋ ಒಬ್ಬ ಬರೆದಿದ್ದಾನೆ, ಇನ್ನೊಬ್ಬ ಅಚ್ಚಿನ ಕಾಗದ ಕೊರೆದಿದ್ದಾನೆ, ಮತ್ತೊಬ್ಬ ಓದದೆಯೇ ಸಹಿ ಹಾಕಿದ್ದಾನೆ, ಕೊನೆಗೆ ಇದೆಲ್ಲ ಬಂದು ನನ್ನ ತಲೆಗೇ ಸುತ್ತಿಕೊಳ್ಳಬೇಕೇ ಎಂದು ಅವನಿಗೆ ರೇಗಿತು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಜಗಳೂರಿನಿಂದ ಏಳು ಮೈಲಿ ಸೈಕಲ್ ತುಳಿದು ಬಂದಿದ್ದ. ಇನ್ನೂ ಅಂಗಿ ಬಿಚ್ಚಿರಲಿಲ್ಲ. ಬೆಳಕಿಂಡಿಯ ಕೆಳಗೆ, ಮಾಳಿಗೆಯ ತೂತಿನಿಂದ ನೆಲಕ್ಕೆ ಬಿದ್ದಿದ್ದ ಗುಂಡನೆಯ ಬಿಸಿಲಿಗೆ ಹಾಳೆ ಹಿಡಿದು, ಚಾಳೀಸು ಮೂಗಿನ ತುದಿಗೆ ಜಾರಿಸಿಕೊಂಡು ಕೂತಿದ್ದ. ಬಿಸಿಲು ಸರಿದಂತೆಲ್ಲ ಅವನೂ ಚಾಪೆ ಎಳೆದುಕೊಂಡು ಸರಿಯುತ್ತಿದ್ದ. ಎರಡು ವರ್ಷದಿಂದ ಅವನ ಓದು ಹೀಗೇ ನಡೆದಿತ್ತು. ಸಂಜೆಯಾದ ಮೇಲೆ ಲಾಟೀನಿನ ಮುಂದೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು, ಮಕ್ಕಳ ಉತ್ತರಪತ್ರಿಕೆಗಳನ್ನು ಅಂದಾಜಿನ ಮೇಲೆ ತಿದ್ದಿ ಅಂಕ ಹಾಕುತ್ತಿದ್ದ. ಅದು ಯಾರಿಗೂ ಗೊತ್ತಿರಲಿಲ್ಲ, ಹೆಂಡತಿಗೂ.

ಹದಿಮೂರರಲ್ಲಿ ಹನ್ನೆರಡು ತಪ್ಪುಗಳನ್ನು ಕ್ಷಮಿಸಬಹುದಾಗಿತ್ತು. ಹದಿಮೂರನೆಯದು ಕೊನೆಯ ಹಾಳೆಯ ಕೊನೆಯಲ್ಲಿತ್ತು. ‘ಸದರಿ ಮನೆಯ ಮಳಿಗೆಯ ಮೇಲೆ ನನಗೆ ಇನ್ನು ಮುಂದೆ ಯಾವುದೇ ಹಕ್ಕು ಇರುವುದಿಲ್ಲವೆಂದೂ, ಫಲಕ ಅಳವಡಿಸಲು ನನ್ನ ಅಭ್ಯಂತರ ಇರುವುದಿಲ್ಲವೆಂದೂ ಒಪ್ಪಿರುತ್ತೇನೆ.’ ಅದರ ಕೆಳಗೆ ಚುಕ್ಕಿಗಳ ಸಾಲು, ಸಹಹಕ್ಕುದಾರರ ಸಹಿ ಅಥವಾ ಹೆಬ್ಬೆಟ್ಟು. ಮಾಳಿಗೆ ಎನ್ನಲು ಹೋಗಿ ಮಳಿಗೆ ಎಂದಿದ್ದರು. ಅವರ ವಂಶದಲ್ಲಿ ಯಾರೂ ಅಂಗಡಿ ಮಳಿಗೆ ಇಟ್ಟವರಲ್ಲ. ಸಹಹಕ್ಕುದಾರ ಎಂದರೆ ಗೋಡೆಯ ಆಚೆ ಇರುವ ಅಣ್ಣ ಓಬಳಪ್ಪ. ಅವನ ಜೊತೆ ತಿಪ್ಪೇಶಪ್ಪ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

“ಇನ್ನೂ ಓದ್ತಾನೇ ಅದೀರಲ್ರೀ,” ಎಂದಳು ಅಡಿಗೆಮನೆಯಿಂದ ಉಡಚಮ್ಮ. “ನಾಲ್ಕೂವರೆ ಬಸ್ಸಿಗೆ ಆ ಬೆನಕಪ್ಪನೋರು ಬರ್ತಾರೆ. ಕಾಗದ ಇಸ್ಕೊಂಡು ಅದೇ ಬಸ್ಸು ತಿರುಗಿ ಬಂದಾಗ ಹೋಗ್ತಾರೆ. ಇವತ್ತು ಕೊಡ್ಲಿಲ್ಲ ಅಂದ್ರೆ ಬ್ಯಾರೆ ಊರಿಗೆ ಹೋತು ಅಂತ ಹೇಳಿಲ್ವಾ?”

“ಹೇಳಿದಾರೆ.”

“ಮತ್ತೆ? ಗೋಡೆ ಆಚೆಗೆ ಹೋಗಾಕೆ ಎಷ್ಟೊತ್ತು ಬೇಕು? ಪಂಚಾಂಗ ತೆಗೆಸ್ಬೇಕಾ?”

ಉಡಚಮ್ಮ ಹೊನ್ನಾಳಿಯವಳು. ಹೊಳೆದಂಡೆಯ ಊರಿನಲ್ಲಿ, ಹೆಂಚಿನ ಮನೆಯಲ್ಲಿ, ಗುಂಡಿ ಒತ್ತಿದರೆ ಹತ್ತುವ ದೀಪದ ಕೆಳಗೆ ಬೆಳೆದವಳು ಈ ಮಣ್ಣಿನ ಮಾಳಿಗೆಯ ಕೆಳಗೆ ಬಂದು ಬಿದ್ದೆನಲ್ಲ ಎಂಬ ಮಾತನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಪಾತ್ರೆಗಳನ್ನು ಇಡುವ ಸದ್ದಿನಲ್ಲಿ ಹೇಳುತ್ತಿದ್ದಳು. ಊರ ಬಾಗಿಲವರೆಗೆ ಕರೆಂಟಿನ ಕಂಬಗಳು ಬಂದು ನಿಂತು ಮೂರು ವರ್ಷವಾಗಿತ್ತು, ತಂತಿ ಬಂದಿರಲಿಲ್ಲ. ಹಾಗಿರುವಾಗ ಎಂಬತ್ತೇಳನೇ ಇಸವಿಯ ಈ ಬೇಸಿಗೆಯಲ್ಲಿ ನ್ಯಾಮತಿ ಕಡೆಯ ಬೆನಕಪ್ಪ ಎಂಬ ಇಂಜಿನಿಯರು, ಬಿಳಿ ಟೋಪಿ ಹಾಕಿಕೊಂಡು, ಬಿಸಿಲಿನಿಂದಲೇ ದೀಪ ಉರಿಯುತ್ತದೆ, ತಾಲ್ಲೂಕಿಗೆ ಐದೇ ಮನೆ, ಪೂರ್ತಿ ಸರ್ಕಾರದ ಅನುದಾನ ಎಂದು ಬಂದಾಗ ಉಡಚಮ್ಮ ಅವನಿಗೆ ಎರಡು ಲೋಟ ಕಾಫಿ ಕೊಟ್ಟಿದ್ದಳು. “ಹೊಸ ಮನೆ ಮ್ಯಾಲೆ ಯಾರು ಬೇಕಾದ್ರೂ ನಿಲ್ಲಿಸ್ತಾರೆ ಮೇಷ್ಟ್ರೇ,” ಎಂದಿದ್ದ ಬೆನಕಪ್ಪ, “ಹಳೇ ಮಾಳಿಗೆ ಮನೆ ಮ್ಯಾಲೂ ನಿಲ್ತೈತೆ ಅಂತ ತೋರಿಸ್ಬೇಕು. ಅದಕ್ಕೇ ನಿಮ್ಮನೆ.” ಹಳೆಯದು ಎಂದು ಯಾರಾದರೂ ಮನೆಯನ್ನು ಹೊಗಳಿದ್ದು ಅದೇ ಮೊದಲು. ತಿಪ್ಪೇಶಪ್ಪನಿಗೆ ಖುಷಿಯಾಗಿತ್ತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಗಿತ್ತು. ಆಮೇಲೆ ಬೆನಕಪ್ಪ ಏಣಿ ಹತ್ತಿ, ಒಂದು ಗಳಿಗೆ ಆಕಾಶ ನೋಡಿ, ಹಿತ್ತಲಿನ ಬೇವಿನ ಮರ ನೋಡಿ, ತಲೆ ಆಡಿಸಿದ್ದ. “ನಿಮ್ಮ ಕಡೆ ಅರ್ಧಕ್ಕೆ ದಿನದ ಮುಕ್ಕಾಲು ಪಾಲು ನೆರಳು. ಬಿಸಿಲು ಇರೋದೆಲ್ಲ ಆ ಕಡೆ.” ಆಮೇಲೆ ಹೆಜ್ಜೆ ಹಾಕಿಕೊಂಡು ಹೋಗಿ ಓಬಳಪ್ಪನ ಬೆಳಕಿಂಡಿಯ ಪಕ್ಕ ನಿಂತು, ಬೂಟಿನಲ್ಲಿ ಮೆಲ್ಲಗೆ ಕುಟ್ಟಿ ನೋಡಿ, “ಇಲ್ಲಿ ಕಲ್ಲಿನ ಚೌಕಟ್ಟು ಐತೆ, ಗಟ್ಟಿ. ಮಿಕ್ಕಿದ್ದೆಲ್ಲ ಮಣ್ಣು, ಭಾರ ತಡೆಯಲ್ಲ. ಈ ತೂತು ಮುಚ್ಚಿ, ಮ್ಯಾಲೆ ಸಿಮೆಂಟಿನ ಕಟ್ಟೆ ಕಟ್ಟಿದ್ರೆ ಆತು,” ಎಂದು ಸುಣ್ಣದಲ್ಲಿ ಗುರುತು ಹಾಕಿದ್ದ.

ಬೇವಿನ ಮರ ಕಡಿಯುವಂತಿರಲಿಲ್ಲ, ಬುಡದಲ್ಲಿ ಚೌಡಮ್ಮ ದೇವಿಯ ಕಲ್ಲಿತ್ತು. ಇದಕ್ಕಿಂತ ಹೆಚ್ಚಾಗಿ, ಪಾಲಾದಾಗ ಆ ಮರಕ್ಕಾಗಿ ಹಟ ಹಿಡಿದು ಜಗಳವಾಡಿ ಅದನ್ನು ತನ್ನ ಕಡೆ ಮಾಡಿಕೊಂಡವನು ತಾನೇ. ಮರ ನನಗೆ ಬರಲಿ, ನೆರಳು ಇರುತ್ತದೆ, ಕೂತು ಓದಬಹುದು ಎಂದಿದ್ದ. ಓಬಳಪ್ಪ ನಕ್ಕು ಹಾಗಾದರೆ ತಲೆಬಾಗಿಲು ನನಗಿರಲಿ ಎಂದಿದ್ದ. ತಲೆಬಾಗಿಲು ಅವನಿಗೆ ಹೋಯಿತು. ಅಂದಿನಿಂದ ತಿಪ್ಪೇಶಪ್ಪ, ಇಡೀ ಊರಿಗೆ ಒಬ್ಬನೇ ಮೇಷ್ಟರಾದವನು, ತನ್ನ ಮನೆಗೆ ತಾನು ದನದ ಕೊಟ್ಟಿಗೆಯ ಪಕ್ಕದ ಸಂದಿಯಲ್ಲಿ ಭುಜ ಅಡ್ಡ ಮಾಡಿಕೊಂಡು ನುಸುಳಿ ಹೋಗುತ್ತಿದ್ದ. ಶಾಲಾ ಇನ್‌ಸ್ಪೆಕ್ಟರು ಒಮ್ಮೆ ಮನೆಗೆ ಬಂದಾಗ ಅವರ ಬಿಳಿ ಪ್ಯಾಂಟಿಗೆ ಸಗಣಿ ತಾಗಿತ್ತು. ಅದನ್ನು ನೆನೆದಾಗಲೆಲ್ಲ ಈಗಲೂ ಅವನ ಕಿವಿ ಬಿಸಿಯಾಗುತ್ತದೆ. ಇನ್‌ಸ್ಪೆಕ್ಟರು ಪರವಾಗಿಲ್ಲ ಎಂದಿದ್ದರು. ಪರವಾಗಿಲ್ಲ ಎಂದದ್ದೇ ಅವನಿಗೆ ಹೆಚ್ಚು ನೋವಾಗಿತ್ತು.

ಎದ್ದು ಅಂಗಿ ಸರಿಮಾಡಿಕೊಂಡ. ಹೋಗುವುದಕ್ಕೇನು, ನಾಲ್ಕು ಹೆಜ್ಜೆ. ಮಧ್ಯದ ಗೋಡೆ ಕಟ್ಟಿದ್ದು ಕೆಳಗೆ ಮಾತ್ರ. ಮೇಲೆ ಮಾಳಿಗೆ ಅಪ್ಪನ ಕಾಲದಲ್ಲಿ ಹೇಗಿತ್ತೋ ಹಾಗೆಯೇ ಒಂದೇ ಹಾಸಾಗಿತ್ತು, ಎರಡು ಬೆಳಕಿಂಡಿಗಳ ಸಮೇತ. ಪಾಲು ಪತ್ರ ಬರೆದವನು ತಾನೇ, ಓದು ಬಂದವನೆಂದು. ‘ಮಾಳಿಗೆಗೆ ಸೋರದಂತೆ ವರ್ಷಕ್ಕೊಮ್ಮೆ ಇಬ್ಬರೂ ಕೂಡಿ ಕರ್ಲು ಮಣ್ಣು ಹಾಕಿಸತಕ್ಕದ್ದು’ ಎಂದು ಬರೆದಿದ್ದ, ಮಾಳಿಗೆಗೆ ಸರಿಯಾಗಿ ದೀರ್ಘ ಕೊಟ್ಟು. ಆಮೇಲೆ ಸಾಮಾನುಗಳ ಪಟ್ಟಿ. ನೇಗಿಲು, ಕುಂಟೆ, ತಾಮ್ರದ ಹಂಡೆ, ಒಳಕಲ್ಲು. ಎಲ್ಲಕ್ಕಿಂತ ಕೊನೆಗೆ ಮಣ್ಣಿನ ಬಾನಿ ಎರಡು. ಬರೆದು ಬರೆದು ಕೈ ನೋಯುತ್ತಿತ್ತು, ಎರಡನ್ನೂ ಕಿರಿಯವನ ಪಾಲಿಗೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದ. ಪಂಚರ ಮುಂದೆ ಪತ್ರ ಓದಿದವನೂ ತಾನೇ. ಆ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದೆನೋ, ನಾಲಿಗೆಯಡಿಯಲ್ಲೇ ನುಂಗಿದೆನೋ ಎಂಬುದು ಎಷ್ಟು ನೆನೆಸಿಕೊಂಡರೂ ಅವನಿಗೆ ನೆನಪಾಗುತ್ತಿರಲಿಲ್ಲ. ಮಳೆ ಬಂದರೆ ಬೆಳಕಿಂಡಿಗೆ ಬೋರಲು ಹಾಕುವ ಬಾನಿಗಳು ಅವು, ಎರಡು ತೂತಿಗೆ ಎರಡು ಬಾನಿ. ಪಾಲು ಮಾಡುವ ವಸ್ತುವೆಂದು ಯಾರಿಗಾದರೂ ಹೊಳೆಯುವಂಥದ್ದೇ ಅಲ್ಲ.

ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಶಾಲೆಯಿಂದ ತಂದಿದ್ದ ಮಸಿಯ ಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡ. ತಂದಿದ್ದಾನೆ ಎಂದರೆ ಹೋಗಬೇಕೆಂದು ಬೆಳಿಗ್ಗೆಯೇ ತೀರ್ಮಾನಿಸಿದ್ದ ಎಂದಾಯಿತು. ಅದನ್ನು ತಾನೇ ತನ್ನಿಂದ ಮುಚ್ಚಿಟ್ಟುಕೊಂಡಿದ್ದ. ಸಂದಿಯಲ್ಲಿ ಭುಜ ಅಡ್ಡ ಮಾಡಿ ಹೊರಗೆ ಬಂದು, ಮನೆಯನ್ನು ಸುತ್ತಿ, ಬೀದಿಯ ಕಡೆಯ ತಲೆಬಾಗಿಲಿಗೆ ಬಂದ. ಹೊಸಿಲ ಮುಂದೆ ಚಪ್ಪಲಿ ಬಿಡುವಾಗ ನೆನಪಾಯಿತು. ಅವ್ವನ ಮಣ್ಣಿಗೆ, ಆಗ ಕೆಲಸ ಮಾಡುತ್ತಿದ್ದ ತ್ಯಾವಣಿಗೆಯ ಶಾಲೆಯಿಂದ ಓಡೋಡಿ ಬಂದವನು ಗಾಬರಿಯಲ್ಲಿ ಕಾಲಲ್ಲಿದ್ದ ಬೂಟು ಬಿಚ್ಚಲು ಮರೆತಿದ್ದ. ಗುಂಡಿಯ ಹತ್ತಿರ ಓಬಳಪ್ಪ ಎಲ್ಲರೆದುರಿಗೆ, “ಸಾಹೇಬ್ರು ಬೂಟು ಹಾಕ್ಕೊಂಡು ಮಣ್ಣು ಹಾಕಾಕೆ ಬಂದಾರೆ, ದಾರಿ ಬಿಡ್ರಪ್ಪ,” ಎಂದಿದ್ದ. ಜನ ಮಣ್ಣಿನ ಹೊತ್ತಿನಲ್ಲೂ ನಕ್ಕಿದ್ದರು. ಚೌಡಕ್ಕತ್ತಿಗೆ ಮಾತ್ರ ನಗದೆ, ಬಗ್ಗಿ, ಅವನ ಬೂಟಿನ ಲಾಡಿ ತಾನೇ ಬಿಚ್ಚಿದ್ದಳು.

ತಲೆಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಓಬಳಪ್ಪ ಕಂಬಕ್ಕೆ ಒರಗಿ ಕೂತು ಹಗ್ಗ ಹೊಸೆಯುತ್ತಿದ್ದ. ಅವನ ಬೆಳಕಿಂಡಿಯ ಬೆಳಕು ತಿಪ್ಪೇಶಪ್ಪನದಕ್ಕಿಂತ ದೊಡ್ಡದು, ಬೇವಿನ ನೆರಳಿಲ್ಲದ್ದು. ಆ ಬೆಳಕಿನ ನಡುವೆ ಚೌಡಕ್ಕ ಕಾಲು ಚಾಚಿ, ಮೊರದಲ್ಲಿ ಬಿತ್ತನೆಯ ಶೇಂಗಾಬೀಜ ಆರಿಸುತ್ತಿದ್ದಳು. ಸುಕ್ಕಿದ್ದು ಒಂದು ಕಡೆ, ದಪ್ಪನೆಯದು ಒಂದು ಕಡೆ. ಅವಳು ತಲೆ ಎತ್ತಿ ನೋಡಿದಳು, ಸೆರಗು ಸರಿಮಾಡಿಕೊಂಡಳು, ಮತ್ತೆ ಬಗ್ಗಿದಳು. ಶೇಂಗಾ ನೋಡಿ ತಿಪ್ಪೇಶಪ್ಪ ಕಣ್ಣನ್ನು ಕಂಬದ ಕಡೆ ತಿರುಗಿಸಿದ. ಈ ಹೆಂಗಸು ಇವತ್ತೇ ಇದನ್ನು ಆರಿಸಬೇಕೇ? ರಾಗಿ ಇರಲಿಲ್ಲವೇ, ಹುರುಳಿ ಇರಲಿಲ್ಲವೇ?

“ಯಾರು, ತಿಪ್ಪೇಶನಾ?” ಎಂದ ಓಬಳಪ್ಪ. ಹನ್ನೊಂದು ವರ್ಷ ಮಾತಾಡದವನ ದನಿಯಲ್ಲ ಅದು, ನಿನ್ನೆ ಜಗಲಿಯಲ್ಲಿ ಸಿಕ್ಕವನ ದನಿ. “ಬಾ, ಕುಂತ್ಕ. ಲೇ, ಚಾಪೆ ಹಾಕು.”

“ಬ್ಯಾಡಣ್ಣ. ಒಂದು ಕಾಗದ ಐತೆ.”

“ಬಿಸಿಲಿನ ಲೈಟಿಂದು ತಾನೆ? ಆ ಟೋಪಿಯೋನು ಮ್ಯಾಲೆ ತಿರುಗಾಡಿದ್ದು ಕೇಳಿಸ್ತು. ಮಣ್ಣು ಉದುರ್ತು. ಎಲ್ಲಿ ಒತ್ತಬೇಕು ತಾ.”

ತಿಪ್ಪೇಶಪ್ಪ ಮೂರನೇ ಹಾಳೆ ಬಿಡಿಸಿದ. ಗಂಟಲು ಸರಿಮಾಡಿಕೊಂಡ. ಜಗಳೂರಿನಿಂದ ಬರುವ ದಾರಿಯುದ್ದಕ್ಕೂ ಯೋಚಿಸಿದ್ದು ಇದನ್ನೇ. ಹಕ್ಕು ಇರುವುದಿಲ್ಲ ಎಂಬುದನ್ನು ಓದಬೇಕೇ, ಅಭ್ಯಂತರ ಇಲ್ಲ ಎಂಬುದನ್ನು ಮಾತ್ರ ಓದಬೇಕೇ? ಕಾಗದದಲ್ಲಿರುವುದು ಮಳಿಗೆ. ಅಂಗಡಿಯ ಹಕ್ಕು ಬಿಟ್ಟುಕೊಟ್ಟರೆ ಅಣ್ಣ ಕಳೆದುಕೊಳ್ಳುವುದೇನು? ಇಲ್ಲದ ಮಳಿಗೆಯ ವಿಷಯ ಓದದೆ ಬಿಟ್ಟರೆ ಮೋಸವಾಗುವುದು ಹೇಗೆ? ಹೀಗೆ ಸರಿಯಾದ ಪಾಠದಂತೆ ತನಗೆ ತಾನೇ ಒಪ್ಪಿಸಿಕೊಂಡು ಬಂದಿದ್ದ. “ಓದ್ತೀನಿ ಕೇಳು,” ಎಂದ. “ಸದರಿ ಮನೆಯ—”

“ನೀನು ಓದಿದ್ಮ್ಯಾಲೆ ಮುಗೀತಲ್ಲಪ್ಪ. ನಾನು ಕೇಳಿ ಏನು ಮಾಡ್ಲಿ,” ಎಂದು ಓಬಳಪ್ಪ ಹಗ್ಗದ ನಾರು ಅಂಟಿದ ಎಡಗೈ ಹೆಬ್ಬೆರಳನ್ನು ಪಂಚೆಗೆ ಒರೆಸಿ ಮುಂದೆ ಚಾಚಿದ. ಆ ಬೆರಳು ಗಾಳಿಯಲ್ಲಿ ಕಾಯುತ್ತಿತ್ತು. ತಿಪ್ಪೇಶಪ್ಪ ಮಸಿಯ ಪೆಟ್ಟಿಗೆ ತೆರೆದ. ಹೆಬ್ಬೆಟ್ಟು ಬಿತ್ತು, ಚುಕ್ಕಿಗಳ ಸಾಲನ್ನೂ ಮೀರಿ, ದೊಡ್ಡದಾಗಿ, ಅಂದವಾಗಿ. ಇಷ್ಟಕ್ಕಾಗಿ ಒಂದು ವಾರ ಊಟ ಸೇರದೆ ಒದ್ದಾಡಿದೆನಲ್ಲ ಎಂದು ತಿಪ್ಪೇಶಪ್ಪನಿಗೆ ಸಿಟ್ಟೇ ಬಂತು. ಅಣ್ಣ ಒಂದು ಮಾತು ಬೈದಿದ್ದರೆ, ತಲೆಬಾಗಿಲಿನಿಂದ ಹೊರಗೆ ನಡಿ ಎಂದಿದ್ದರೆ, ಎಷ್ಟು ಹಗುರಾಗುತ್ತಿತ್ತು.

“ಆ ಕಿಂಡಿ ಮುಚ್ಚಬೇಕಾಗ್ತದೆ ಅಣ್ಣ,” ಎಂದ. ಅಷ್ಟನ್ನಾದರೂ ಹೇಳಿದೆನಲ್ಲ ಎನಿಸಿತು. “ಅದರ ಮ್ಯಾಲೇ ಕಟ್ಟೆ ಕಟ್ತಾರೆ. ನಿಮಗೆ ಹಗಲು ಕತ್ತಲಾಗ್ತದೆ. ಬೇಕಾದ್ರೆ ಒಂದು ದೀಪ ಈ ಕಡೀಗೂ—”

“ಮುಚ್ಚಲಿ ಬಿಡು, ಪೀಡೆ ಹೋತು. ನಾನೇ ಯಾವತ್ತೋ ಮುಚ್ಚಿಸಬೇಕಿತ್ತು. ಇವಳ ಕೈಲಿ ಅದನ್ನ ನೋಡ್ಕೊಳ್ಳಾಕೆ ಆಗಲ್ಲ.” ಓಬಳಪ್ಪ ಮತ್ತೆ ಹಗ್ಗ ಎತ್ತಿಕೊಂಡ. “ಆ ವರ್ಷ ನೋಡ್ಲಿಲ್ವಾ, ಇಡೀ ಬಿತ್ತನೆ ಶೇಂಗಾ ನೀರು ಮಾಡಿದ್ಲು. ಮೋಡ ಆಗೈತೆ, ಬಾನಿ ಬೋರಲು ಹಾಕಿ ಬಾ ಅಂತ ಹೇಳೇ ಹೋಗಿದ್ದೆ. ಬಂದು ನೋಡಿದ್ರೆ ಬಾನಿ ಪಕ್ಕದಾಗೆ ಆರಾಮಾಗಿ ಕುಂತೈತೆ. ಮುಚ್ಚಿದ್ದೆ ಅಂತ ಆಣೆ ಬ್ಯಾರೆ ಮಾಡ್ತಾಳೆ. ಅವತ್ತು ಕೈಯೆತ್ತಿಬಿಟ್ಟೆ ಇವಳ ಮ್ಯಾಲೆ, ಅವತ್ತೊಂದಿನ. ಈಗ್ಲೂ ಮೋಡ ಆದ್ರೆ ನಾನೇ ಹತ್ತಿ ನೋಡಿ ಬರ್ತೀನಿ, ನಂಬಿಕೆ ಇಲ್ಲ.”

ಚೌಡಕ್ಕ ಬೀಜ ಆರಿಸುತ್ತಲೇ ಇದ್ದಳು. ಸುಕ್ಕಿದ್ದು ಈ ಕಡೆ, ದಪ್ಪನೆಯದು ಆ ಕಡೆ. ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ. ನೆಂಟರ ಮುಂದೆ, ಬೀಗರ ಮುಂದೆ, ಸೊಸೆಯ ಮುಂದೆ. ತಿಪ್ಪೇಶಪ್ಪ ಕಾಗದವನ್ನು ನಾಲ್ಕಾಗಿ ಮಡಚಿದ. “ಬರ್ತೀನಣ್ಣ,” ಎಂದ. ಚಪ್ಪಲಿ ಮೆಟ್ಟಿ, ಮನೆ ಸುತ್ತಿ, ಸಂದಿಗೆ ಬಂದ.

ಸಂದಿಯ ಮಧ್ಯದಲ್ಲಿ ನಿಂತುಬಿಟ್ಟ. ಒಂದು ಭುಜ ಅಣ್ಣನ ಗೋಡೆಗೆ, ಒಂದು ಭುಜ ಕೊಟ್ಟಿಗೆಯ ಗೋಡೆಗೆ. ಎಪ್ಪತ್ತಾರನೇ ಇಸವಿಯ ಆ ಮಧ್ಯಾಹ್ನ ಅಣ್ಣ ಅತ್ತಿಗೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಪಕ್ಕದ ಊರಿಗೆ ಹೋಗಿದ್ದರು. ಅವ್ವನ ಮಣ್ಣಾಗಿ ಮೂರು ತಿಂಗಳು, ಪಾಲಾಗಿ ಒಂದು ತಿಂಗಳು. ಬೂಟಿನ ಮಾತು ಇನ್ನೂ ಕಿವಿಯಲ್ಲಿತ್ತು. ರಜೆಯಲ್ಲಿದ್ದ ತಿಪ್ಪೇಶಪ್ಪ ಮಾಳಿಗೆ ಹತ್ತಿ ನೋಡಿದರೆ ಅಣ್ಣನ ಬೆಳಕಿಂಡಿಯ ಮೇಲೆ ಬಾನಿ ಬೋರಲಾಗಿತ್ತು. ಅದು ತನ್ನ ಬಾನಿ. ಪತ್ರದಲ್ಲಿ ಬರೆದಿದೆ, ಎರಡೂ ಕಿರಿಯವನ ಪಾಲಿಗೆ. ತಲೆಬಾಗಿಲು ಅವನದು, ನನ್ನ ಬಾನಿಯೂ ಅವನಿಗೇ ಬೇಕೇ ಎಂದು ಎರಡೂ ಕೈಯಲ್ಲಿ ಎತ್ತಿಕೊಂಡ. ಭಾರವಾಗಿತ್ತು. ಏಣಿಯವರೆಗೆ ತರಬೇಕು, ಇಳಿಸಬೇಕು, ಉಡಚಮ್ಮ ಯಾಕೆ ಎಂದು ಕೇಳುತ್ತಾಳೆ. ನಾಚಿಕೆಯಾಯಿತು. ಅಲ್ಲೇ ತೂತಿನ ಪಕ್ಕ ಇಳಿಸಿದ. ಮತ್ತೆ ಬೋರಲು ಹಾಕುವುದಕ್ಕೂ ನಾಚಿಕೆಯಾಯಿತು. ಮೂಡಲ ಕಡೆ ಮೋಡ ಕಪ್ಪಾಗಿತ್ತು, ಬರಲಾರದು ಎಂದುಕೊಂಡ. ಕೆಳಗೆ ಬಂದು ಮಲಗಿದ. ಬಂತು. ಗೋಡೆಯ ಆಚೆ ನೀರು ಬೀಳುವ ಸದ್ದು, ಮೊದಲು ತೊಟ್ಟು, ಆಮೇಲೆ ಧಾರೆ, ಒಂದು ಗಂಟೆ ಕೇಳಿಸಿತು. ಅವನು ಎದ್ದಿರಲಿಲ್ಲ. ಅಲ್ಲಿ ಏನಿದೆಯೆಂದು ನನಗೇನು ಗೊತ್ತಿತ್ತು ಎಂದು ಹನ್ನೊಂದು ವರ್ಷ ಹೇಳಿಕೊಂಡಿದ್ದ. ನಾನು ನನ್ನ ಬಾನಿಯನ್ನು ಮುಟ್ಟಿದೆ, ಅಷ್ಟೇ. ಸಂಜೆ ಅತ್ತಿಗೆ ಅಳುವುದು ಕೇಳಿಸಿತ್ತು. ನಷ್ಟಕ್ಕೆ ಅಳುತ್ತಿದ್ದಾಳೆ ಎಂದುಕೊಂಡಿದ್ದ. ಹೊಡೆತಕ್ಕೆ ಎಂದು ಗೊತ್ತಿರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲವೇ? ಒಂದೇ ಗೋಡೆ, ಅದೂ ಹಸಿ ಇಟ್ಟಿಗೆಯದು. ಈಗ ಆ ತೂತಿನ ಮೇಲೆ ಸಿಮೆಂಟಿನ ಕಟ್ಟೆ ಬರುತ್ತದೆ. ಅದರ ಮೇಲೆ ಗಾಜಿನ ಹಲಗೆ. ಅದರಿಂದ ನನಗೆ ಬೆಳಕು. ಚೌಡಕ್ಕ ಮರೆತಳು ಎಂಬುದಕ್ಕೆ ಸರ್ಕಾರವೇ ಬಂದು ಮೊಹರು ಒತ್ತಿ ಹೋದಂತೆ. ಥೂ ಎಂದು ಗೋಡೆಗೆ ಉಗುಳಬೇಕೆನಿಸಿತು. ಬಾಯಿ ಒಣಗಿತ್ತು.

ಸಂದಿಯಲ್ಲಿ ತಿರುಗಲು ಜಾಗವಿರಲಿಲ್ಲ. ಹಿಂದೆ ಹಿಂದೆಯೇ ನಡೆದು ಹೊರಗೆ ಬಂದ. ಈ ಸಲ ಚಪ್ಪಲಿ ಬಿಡುವುದನ್ನು ಮರೆತು ನಡುಮನೆಗೆ ಹೋಗಿ ನಿಂತ. ಓಬಳಪ್ಪ ಅವನ ಕಾಲು ನೋಡಿದ, ಮುಖ ನೋಡಿದ.

“ಅತ್ತಿಗೆ,” ಎಂದ ತಿಪ್ಪೇಶಪ್ಪ. ದನಿ ತರಗತಿಯಲ್ಲಿ ಪಾಠ ಒಪ್ಪಿಸುವ ಹುಡುಗನದಾಗಿತ್ತು. “ಅವತ್ತು ನೀವು ಮುಚ್ಚಿದ್ರಿ. ನಾನೇ ತೆಗೆದಿದ್ದು.”

ಹಗ್ಗ ಹೊಸೆಯುವ ಕೈ ನಿಂತಿತು. ಚೌಡಕ್ಕನ ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕೈದು ಬೀಜ ಆರಿಸಿದಳು. ತಿಪ್ಪೇಶಪ್ಪ ಬಾನಿ, ಪತ್ರ, ಕಿರಿಯವನ ಪಾಲು ಎಂದು ಏನೇನೋ ಹೇಳಲು ಬಾಯಿ ತೆರೆದು ಮುಚ್ಚಿದ. ಓಬಳಪ್ಪ ಏಳಲು ಹೋದ, ಕಂಬ ಹಿಡಿದ, ಮತ್ತೆ ಕೂತ. ಅವನು ತಮ್ಮನ ಕಡೆ ನೋಡಲಿಲ್ಲ. ಹೆಂಡತಿಯ ಕಡೆ ನೋಡಿದ, ನೋಡಲಾಗದೆ ಮಸಿ ಹತ್ತಿದ ತನ್ನ ಹೆಬ್ಬೆರಳನ್ನು ಪಂಚೆಗೆ ತಿಕ್ಕತೊಡಗಿದ.

“ಇನ್ನೊಂದ್ಸಲ ಹೇಳ್ರಿ,” ಎಂದಳು ಚೌಡಕ್ಕ.

“ನೀವು ಮುಚ್ಚಿದ್ರಿ ಅತ್ತಿಗೆ.”

“ಗಟ್ಟಿಯಾಗಿ ಹೇಳ್ರಿ. ಇವರಿಗೆ ಕಿವಿ ಮಂದ.”

“ನೀವು ಮುಚ್ಚಿದ್ರಿ!”

ಬೀದಿಯಲ್ಲಿ ಹೋಗುತ್ತಿದ್ದ ನೆರೆಮನೆಯ ದುರುಗಣ್ಣ ಬಾಗಿಲಿಗೆ ಇಣುಕಿ, ಏನೋ ಜಗಳವೆಂದುಕೊಂಡು ಮುಂದೆ ಹೋದ. ಚೌಡಕ್ಕ ಮೊರ ಬದಿಗಿಟ್ಟಳು. ಅವಳ ಮುಖದಲ್ಲಿ ಸಮಾಧಾನವೇನೂ ಇರಲಿಲ್ಲ, ಬಹಳ ದಿನದ ತಲೆನೋವು ಬಿಟ್ಟವರ ದಣಿವಿತ್ತು. “ನನಗೂ ಒಂದೊಂದ್ಸಲ ಅನುಮಾನ ಬರ್ತಿತ್ತು ಮೇಷ್ಟ್ರೇ,” ಎಂದಳು. ಅವನನ್ನು ಅವಳು ಯಾವತ್ತೂ ಮೇಷ್ಟ್ರೇ ಎಂದು ಕರೆದವಳಲ್ಲ, ತಿಪ್ಪೇಶಣ್ಣ ಎನ್ನುತ್ತಿದ್ದಳು. “ಎಲ್ರೂ ಮುಚ್ಚಿಲ್ಲ ಮುಚ್ಚಿಲ್ಲ ಅಂದು ಅಂದು, ನಾನೇ ಮುಚ್ಚಿಲ್ವೇನೋ, ನನ್ನ ತಲೇನೇ ಕೆಟ್ಟೈತೇನೋ ಅಂತ. ಅದಕ್ಕೆ ಏನು ಹೇಳ್ತೀರಿ?” ತಿಪ್ಪೇಶಪ್ಪ ಬಗ್ಗಿ ಕಾಲಲ್ಲಿದ್ದ ಚಪ್ಪಲಿ ಬಿಚ್ಚಿದ. “ಆ ಕಿಂಡಿ ಮುಚ್ಚಿಸಾದು ಬ್ಯಾಡ,” ಎಂದಳು ಅವಳು ಗಂಡನ ಕಡೆ ತಿರುಗಿ. “ನೀವು ಒತ್ತಿರಬಹುದು. ನಾನು ಒತ್ತಿಲ್ಲ. ಅದು ಇರಲಿ. ಇನ್ನು ಮ್ಯಾಲೆ ಮೋಡ ಆದ್ರೆ ಯಾರೂ ನನ್ನ ಹಿಂದೆ ಹತ್ತಿ ನೋಡಾಕೆ ಬರಬ್ಯಾಡ್ರಿ.”

ಬೆನಕಪ್ಪ ನಾಲ್ಕೂವರೆಯ ಬಸ್ಸಿಗೆ ಬಂದು, ಸಂದಿಯಲ್ಲಿ ನುಸುಳಿ, ಟೋಪಿಗೆ ಹತ್ತಿದ ಜೇಡರ ಬಲೆ ಒರೆಸಿಕೊಳ್ಳುತ್ತ ಕೂತಾಗ ತಿಪ್ಪೇಶಪ್ಪ ಬೆಳಕಿಂಡಿಯ ಕೆಳಗೆ ಕೆಂಪು ಪೆನ್ನು ಹಿಡಿದುಕೊಂಡು ಹಾಳೆಯ ಮೇಲೆ ಬಗ್ಗಿದ್ದ. ಹನ್ನೆರಡು ತಪ್ಪು ತಿದ್ದಿಯಾಗಿತ್ತು. ಹದಿಮೂರನೆಯದಕ್ಕೆ, ಮಳಿಗೆಯ ಮಕಾರಕ್ಕೆ, ದೀರ್ಘ ಎಳೆಯುತ್ತಿದ್ದ. ಬೆನಕಪ್ಪ ಹೌಹಾರಿದ.

“ಅಯ್ಯೋ ಮೇಷ್ಟ್ರೇ, ಏನ್ ಮಾಡಿಬಿಟ್ರಿ! ತಿದ್ದಿದ ಕಾಗದ ನಡೆಯಲ್ಲ. ಹೆಬ್ಬೆಟ್ಟು ಬಿದ್ದೈತಲ್ರೀ, ಸುಮ್ನೆ ಕೊಟ್ಟಿದ್ರೆ ಆಗೋಗ್ತಿತ್ತು.”

“ಮಳಿಗೆ ಅಂತ ಇತ್ತು. ನಮಗೆ ಮಳಿಗೆ ಇಲ್ಲ. ಇರೋದು ಮಾಳಿಗೆ. ಅದರ ಮ್ಯಾಲೆ ಅವರಿಗೆ ಹಕ್ಕು ಐತೆ.”

“ಒಂದು ದೀರ್ಘಕ್ಕೆ ಇಷ್ಟೊಂದಾ?”

“ಹೌದು,” ಎಂದ ತಿಪ್ಪೇಶಪ್ಪ. ಇದೊಂದು ನೆಪವೆಂದು ಅವನಿಗೂ ಗೊತ್ತಿತ್ತು, ನಿಜದ ಕಾರಣ ಹೇಳುವಷ್ಟು ಧೈರ್ಯ ಮಧ್ಯಾಹ್ನವೇ ಖರ್ಚಾಗಿತ್ತು. ಬೆನಕಪ್ಪ ಓದಿದವರ ಸಹವಾಸವೇ ಬೇಡವೆಂಬ ಮುಖ ಮಾಡಿ, ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿ, ಕಾಫಿಯನ್ನೂ ಕುಡಿಯದೆ, ಮೋಡ ನೋಡುತ್ತ ಬಸ್ಸಿಗೆ ಓಡಿದ.

ಉಡಚಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗೋಡೆಯ ಆಚೆ ಅವನು ಕೂಗಿದ್ದು ಅವಳಿಗೂ ಕೇಳಿಸಿತ್ತು. ಪಾತ್ರೆಯ ಸದ್ದು ಮಾಡಲಿಲ್ಲ, ಬೈಯಲಿಲ್ಲ. “ಲಾಟೀನಿಗೆ ಸೀಮೆಎಣ್ಣೆ ಐತಾ ನೋಡ್ತೀನಿ,” ಎಂದಳು. ಅವನ ಕಣ್ಣಿನ ವಿಷಯ ಅವಳಿಗೆ ಮೊದಲಿಂದಲೂ ತಿಳಿದಿತ್ತೆಂದು ಆಗ ಅವನಿಗೆ ಗೊತ್ತಾಯಿತು. ಗಾಳಿ ಎದ್ದಿತು. ಬೇವಿನ ಎಲೆಗಳು ಮಾಳಿಗೆಯ ಮೇಲೆ ಉರುಳಾಡಿದವು. ಬಾನಿ ಬೋರಲು ಹಾಕಬೇಕು ಎಂದು ಅವನು ನೆಲಕ್ಕೆ ಕೈಯೂರಿ ಏಳುವಷ್ಟರಲ್ಲಿ ತಲೆಯ ಮೇಲೆ ಹೆಜ್ಜೆ ಕೇಳಿಸಿತು. ಅಣ್ಣನ ಕಡೆಯಿಂದ ಬಂದ ಹೆಜ್ಜೆ. ಮಣ್ಣು ತುಸು ಉದುರಿತು. ಅತ್ತ ಬಾನಿ ಕಲ್ಲಿನ ಮೇಲೆ ಕೂತ ಸದ್ದಾಯಿತು. ಹೆಜ್ಜೆ ಅಲ್ಲೇ ನಿಂತಿತು. ಆಮೇಲೆ, ಹನ್ನೊಂದು ವರ್ಷದಲ್ಲಿ ಮನೆಯವರು ಯಾರೂ ದಾಟದ ಕಡೆ, ನಡುಗೋಡೆಯ ನೆತ್ತಿಯನ್ನು ದಾಟಿ, ಈ ಕಡೆಗೆ ಬಂತು. ತಿಪ್ಪೇಶಪ್ಪ ಅರ್ಧ ಎದ್ದವನು ಹಾಗೆಯೇ ಉಳಿದ. ಮೊದಲ ಹನಿ ಕೆಂಪು ಗೀಟುಗಳ ಹಾಳೆಯ ಮೇಲೆ ಬಿದ್ದು ಹೆಬ್ಬೆಟ್ಟಿನ ಮಸಿ ಹರಡಿತು. ಬೆಳಕಿಂಡಿಯಲ್ಲಿ ಆಕಾಶ ಮರೆಯಾಗಿ ಚೌಡಕ್ಕನ ಮುಖ ಕಂಡಿತು. ಅವಳ ಎರಡೂ ಕೈಯಲ್ಲಿ ಅವನ ಬಾನಿಯಿತ್ತು. ಇಡೀ ಬೀದಿಗೆ ಕೇಳುವಂತೆ ಅವಳು ಕೂಗಿದಳು.

“ಮೇಷ್ಟ್ರೇ, ಮುಚ್ಚಾಕತ್ತೀನಿ ನೋಡ್ಕೊಳ್ರಿ! ನಾಳೆ ಮುಚ್ಚಿರಲಿಲ್ಲ ಅನ್ನಬ್ಯಾಡ್ರಿ!”

“ಇಲ್ಲ ಅತ್ತಿಗೆ,” ಎಂದ ತಿಪ್ಪೇಶಪ್ಪ. ಬಾನಿ ಕೂತಿತು. ಮನೆಯೊಳಗೆ ಕತ್ತಲಾಯಿತು, ಒಂದು ಹನಿಯೂ ಬೀಳಲಿಲ್ಲ.